ಉಸಿರು ಹಿಡಿ

ಅನ್ನಪೂರ್ಣಾ ಹೊಂಬಳ, ವಯಸ್ಸು ಹದಿನಾಲ್ಕು, ಬೆಟಗೇರಿ.
ಎಡ ಮುಂಗೈ, ಎದೆಗೂಡು. ಎರಡು ಪಟ.
ಚೀಟಿಯಲ್ಲಿ ಡಾಕ್ಟರರ ಇರುವೆಸಾಲು ಅಕ್ಷರ.
ಮೊಣಕಾಲಿನವರೆಗೆ ಕರಿಮಣ್ಣು,
ಬೆನ್ನ ಮೇಲೆ ಕಿತ್ತುಬಂದ ಏಳರ ಅಂಕಿ.

"ಹೆಂಗ ಬಿದ್ದೀಯವಾ?"
"ಬಿದ್ದಿಲ್ರೀ. ಐದು ಮಂದಿ ಹಿಡಕೊಂಡು ಕೆಡವಿದ್ರು.
ಗೆರೀ ಮುಟ್ಟೇನಿ."

ಯಾವ ಎಲುಬಿನಿಂದ ಮುಟ್ಟಿದೆ ಅಂತ ಕೇಳಲಿಲ್ಲ ನಾನು.
ನಡುಬೆರಳಿನ ತುದಿಗೆ ಒಂದಿರುತ್ತದೆ,
ಶೇಂಗಾ ಕಾಳಿನಷ್ಟು.
ಮೈಯ ಉಳಿದ ಎಲುಬೆಲ್ಲ ಅದರ ಹಿಂದೆ
ಹಗ್ಗ ಕಟ್ಟಿದ ಚಕ್ಕಡಿಯ ಹಾಗೆ ಜಗ್ಗಿಕೊಂಡು ಬರಬೇಕು,
ಮೇಲೆ ಐದು ಜನ ಕೂತಿದ್ದರೂ.

ಇಪ್ಪತ್ತಾರು ವರ್ಷದಿಂದ ಗದಗಿನ ಈ ಕತ್ತಲೆ ಕೋಣೆಯಲ್ಲಿ
ನಾನು ಕಳಕಪ್ಪ, ಜನರ ಒಳಗನ್ನು ನೋಡುತ್ತ ಬಂದವನು.
ಮುಖ ಮರೆಯುತ್ತೇನೆ. ಎಲುಬು ಮರೆಯುವುದಿಲ್ಲ.
ಗರಡಿಯ ಪೈಲ್ವಾನನೊಬ್ಬ ಬಂದಿದ್ದ, ಎಂಬತ್ತು ದಾಟಿದವ,
ಕಿವಿ ಕೇಳದು, ಕಣ್ಣಿಗೆ ಪೊರೆ,
ತೊಡೆಯೆಲುಬು ಮಾತ್ರ ಇನ್ನೂ ಮನೆಯ ನಡುಗಂಬ.
ಸೈಕಲ್ ಹುಡುಗರು ಬರುತ್ತಾರೆ, ಎಲ್ಲರದೂ ಒಂದೇ ಜಾಗ,
ಕೊರಳ ಪಟ್ಟಿಯ ಎಲುಬು.
ಹಾಕಿ ಆಡುವವರದು ಬೆರಳು.
ಮಾರ್ಕೆಟ್ಟಿನ ಹಮಾಲಿ ಯಾವ ಆಟವನ್ನೂ ಆಡಿದವನಲ್ಲ,
ಆದರೆ ಮೂಟೆ ಹೊತ್ತು ಹೊತ್ತು
ಹೆಗಲ ಎಲುಬು ಮೆಡಲಿನ ಹಾಗೆ ದಪ್ಪಗಾಗಿತ್ತು.
ಕಲ್ಲಾದರೆ ಹೊರೆ ಹೊತ್ತು ಸವೆಯುತ್ತದೆ.
ಇದು ಕಲ್ಲಲ್ಲ, ಕೇಳಿದಷ್ಟು ಬೆಳೆಯುತ್ತದೆ.
ಕೇಳದಿದ್ದರೆ, ಹಾಸಿಗೆ ಹಿಡಿದವರ ಪಟದಲ್ಲಿ ನೋಡಿದ್ದೇನೆ,
ಗೆದ್ದಲು ತಿಂದ ಕಾಗದ.

"ತಟ್ಟಿಗೆ ಎದಿ ಹಚ್ಚು. ಉಸಿರು ಹಿಡಿ. ಬಿಡಬ್ಯಾಡ."

ಪಟ ಕೆಟ್ಟಿತು. ಅಲುಗಾಡಿದ್ದಾಳೆ.
ಎರಡನೇ ಸಲ ಗಾಜಿನಾಚೆಯಿಂದ ನೋಡಿದೆ:
ಉಸಿರೇನೋ ಹಿಡಿದಿದ್ದಾಳೆ,
ತುಟಿ ಮಾತ್ರ ಸದ್ದಿಲ್ಲದೆ ಆಡುತ್ತಿದೆ,
ಕಬಡ್ಡಿ ಕಬಡ್ಡಿ ಕಬಡ್ಡಿ.

ನಕ್ಕೆ. ನಗಬಾರದಿತ್ತು, ಗುಂಡಿ ಒತ್ತುವ ಕೈ ನಡುಗಿತು.
ರಾಣೆಬೆನ್ನೂರಿನ ಸೆಮಿಫೈನಲ್ಲಿನಲ್ಲಿ
ನನ್ನ ಮಂಡಿಚಿಪ್ಪು ಎರಡು ಹೋಳಾದಾಗಲೂ
ನಾನು ಆ ಮಾತು ನಿಲ್ಲಿಸಿರಲಿಲ್ಲ ಅಂತ ಹೇಳುತ್ತಾರೆ.
ನನಗೆ ನೆನಪಿಲ್ಲ. ಪಟ ಇದೆ, ಟ್ರಂಕಿನಲ್ಲಿ,
ಮದುವೆ ಫೋಟೋದ ಕೆಳಗೆ.

ಮೂರನೆಯದು ಬಂತು.
ಹನ್ನೆರಡು ಜೋಡಿ, ಒಂದೂ ಬಿರುಕಿಲ್ಲ.
ಮರಿಗಳ ಮೇಲೆ ಕವುಚಿದ ಬುಟ್ಟಿಯ ಹಾಗೆ ಪಕ್ಕೆಲುಬು,
ಒಳಗೆ ಕೋಳಿಯಂತೆ ಕೂತಿದೆ ಗುಂಡಿಗೆ.
ಐದು ಜನ ಬಿದ್ದದ್ದು ಈ ಬುಟ್ಟಿಯ ಮೇಲೆ.
ಬುಟ್ಟಿ ಬಾಗಿ, ಮತ್ತೆ ತನ್ನ ಆಕಾರಕ್ಕೆ ಬಂದಿದೆ.

ಕೈಯ ಪಟವನ್ನು ಬೆಳಕಿಗೆ ಹಿಡಿದಾಗ
ಅವಳವ್ವ ಸೆರಗು ಬಾಯಿಗೆ ಒತ್ತಿದಳು.
ಮಣಿಕಟ್ಟಿನ ಹತ್ತಿರ ಅಡ್ಡಕ್ಕೆ ಒಂದು ಕಪ್ಪು ಗೆರೆ.
"ಮುರದೈತಲ್ರೀ! ತುಂಡ ಆಗೇತಿ!"

"ಅದಲ್ಲಬೇ. ಅದು ಬೆಳೀಲಿಕ್ಕೆ ಬಿಟ್ಟ ಜಾಗ.
ನೀ ನೇಯ್ತೀಯಲ್ಲ, ಸೀರಿ ಅರ್ಧ ಆದಾಗ
ಇನ್ನೂ ನೇಯದ ಹಾಸು ಮಗ್ಗದ ಮ್ಯಾಲೆ ಕಾಣ್ತದಲ್ಲ, ಹಂಗ.
ಇನ್ನೂ ಮೂರ್ನಾಕು ವರ್ಷದ ನೇಯ್ಗಿ ಬಾಕಿ ಐತಿ ಈಕಿದು."

ಅವಳು ಪಟವನ್ನು ಕೈಗೆ ತಗೊಂಡು
ದಡಿಯಲ್ಲಿ ತಪ್ಪು ಹುಡುಕುವ ಕಣ್ಣಿಂದ ನೋಡಿದಳು,
ಬಹಳ ಹೊತ್ತು.

ನಿಜವಾದ ಪೆಟ್ಟು ಎರಡು ಬೆರಳು ಮೇಲಿತ್ತು,
ಹಸಿ ಕಡ್ಡಿ ಮಣಿಸಿದಾಗ ಒಂದು ಮಗ್ಗುಲು ಸೀಳುತ್ತದಲ್ಲ, ಅಷ್ಟೇ.
ಹೇಳುವುದು ನನ್ನ ಕೆಲಸವಲ್ಲ, ಡಾಕ್ಟರರದು.
ಎಲುಬಿನೊಳಗೆ ರಕ್ತ ಹುಟ್ಟುವ ಗುಟ್ಟಿನ ಕೋಣೆಯೊಂದಿದೆ,
ಅದು ನನ್ನ ಯಂತ್ರಕ್ಕೆ ಕಾಣುವುದೇ ಇಲ್ಲ.
ಕಂಡದ್ದನ್ನೂ ಹೇಳುವಂತಿಲ್ಲ, ಕಾಣದ್ದನ್ನೂ ಹೇಳುವಂತಿಲ್ಲ.

"ಎಷ್ಟು ದಿನ ರೀ?"
"ಡಾಕ್ಟರ್‌ನ್ನ ಕೇಳು."
"ನೀವು ಹೇಳ್ರೀ."
ಗೋಡೆ ನೋಡಿದೆ. "ಆರು ವಾರ ಹಿಡೀಬಹುದು."
"ಜಿಲ್ಲಾ ಮ್ಯಾಚು ಐದನೇ ವಾರಕ್ಕ ಐತಿ."

ನಾನು ಮಂಡಿ ಉಜ್ಜಿಕೊಂಡೆ.
ಹೊರಗೆ ಬೆಂಚಿನ ಮೇಲೆ ಇನ್ನೂ ಹನ್ನೊಂದು ಚೀಟಿ.
ಬಾಗಿಲು ದಾಟುವಾಗ ಕೇಳಿಯೇ ಬಿಟ್ಟೆ:
"ಗೆರೀ ಮುಟ್ಟಿದ್ದಕ್ಕ ಎಷ್ಟು ಕೊಟ್ರು?"

ಒಳ್ಳೆಯ ಕೈ ಎತ್ತಿದಳು,
ಬೆರಳೆಲ್ಲ ಅಗಲಿಸಿ.